ಗಂಗತ್ತೆಯ ಎಳೆತ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮದುವೆಮನೆಗಳಲ್ಲಿ ಹಾಡಿಗೆ ಹೆಸರಾದ ನನ್ನ ಸೋದರತ್ತೆಯನ್ನು ಒಂದು ಬಸ್ಸನ್ನಾಗಿ ಮಾಡಿದ ಮಹಾನುಭಾವ ನಾನೇ. ಹೆಚ್ಚಿನವರ ಮೂರ್ಖತನ ಕಾಲಾಂತರದಲ್ಲಿ ಮಸುಕಾಗಿ, ಮಾಡಿದವರೂ ಮರೆತು ನೋಡಿದವರೂ ಮರೆತು ಒಂದು ಬಗೆಯ ಸದ್ಗತಿಯನ್ನು ಪಡೆಯುತ್ತದೆ; ನನ್ನದಕ್ಕೆ ಆ ಭಾಗ್ಯವಿಲ್ಲ, ಅದು ಧ್ವನಿಮುದ್ರಿತವಾಗಿ ಅದೆಷ್ಟೋ ಮಂದಿಯ ಮೊಬೈಲಿನಲ್ಲಿ ಚಿರಂಜೀವಿಯಾಗಿ ಕೂತಿದೆ. ಇದಕ್ಕೆಲ್ಲ ಮೂಲವೇನೆಂದು ಹುಡುಕಿದರೆ ಸಿಗುವುದು ಜಗಳವಲ್ಲ, ಆಸ್ತಿಯ ತಕರಾರಲ್ಲ, ಹಳೆಯ ಹಗೆಯೂ ಅಲ್ಲ. ಸಾಲಿನ ಕೊನೆಯಲ್ಲಿ ಆಕೆ ಎಳೆಯುವ ಒಂದು ಸ್ವರ ನನಗೆ ಸೇರುತ್ತಿರಲಿಲ್ಲ. ಅಷ್ಟೇ.

ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಂಪವೇ ಎಂದು ನೀವು ನಗಬಹುದು. ನಗುವ ಮುಂಚೆ ನಿಮ್ಮನ್ನೇ ಒಮ್ಮೆ ವಿಚಾರಿಸಿಕೊಳ್ಳಿ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು ಹೊಸ ಮೊಬೈಲಿನ ರಿಂಗ್‌ಟೋನುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಆ ಅಪರಿಚಿತನನ್ನು ನೀವು ಇವತ್ತಿಗೂ ಕ್ಷಮಿಸಿದ್ದೀರಾ? ಬಿಸಿ ಕಾಫಿಯನ್ನು ಹೀರುವಾಗ ಮನೆಯ ಮಂದಿಯೆಲ್ಲ ತಿರುಗಿ ನೋಡುವಂತೆ ಸದ್ದು ಮಾಡುವ ನೆಂಟರನ್ನು? ಮಾತೆಲ್ಲ ಮುಗಿದ ಮೇಲೂ ಫೋನಿಡದೆ "ಮತ್ತೆ? ಮತ್ತೆಂತ?" ಎನ್ನುತ್ತ ಆಚೆ ಬದಿಯಲ್ಲಿ ಉಸಿರಾಡುತ್ತಲೇ ಇರುವ ಗೆಳೆಯನನ್ನು? ದೊಡ್ಡ ಅನ್ಯಾಯ ಮಾಡಿದವರ ಎದುರು ನಾವು ಔದಾರ್ಯದ ಒಂದು ಭಂಗಿಯನ್ನಾದರೂ ತಾಳಬಹುದು, ಹತ್ತು ಜನ ನೋಡಿ ಮೆಚ್ಚುತ್ತಾರೆ. ಕಿರಿಕಿರಿಯ ಎದುರು ಆ ಸೌಕರ್ಯವಿಲ್ಲ. "ಅವನು ಚಕ್ಕುಲಿ ಕಡಿಯುವ ಸದ್ದನ್ನು ನಾನು ಉದಾರವಾಗಿ ಮನ್ನಿಸಿದೆ" ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಹಾಗಾಗಿ ಅದು ಒಳಗೇ ಉಳಿದು, ಹುಳಿಯಾಗಿ, ಒಂದು ದಿನ ಅಡ್ಡದಾರಿಯಲ್ಲಿ ಹೊರಗೆ ಬರುತ್ತದೆ.

ನನ್ನ ಕಸುಬೂ ಕಿರಿಕಿರಿಗೆ ಹೇಳಿ ಮಾಡಿಸಿದಂಥದ್ದು. ಹೊಸನಗರದಲ್ಲಿ ನನ್ನದೊಂದು ಸಣ್ಣ ಸೌಂಡ್ ಸಿಸ್ಟಂ ಇದೆ, ಹಳಬರು ಈಗಲೂ ಅದನ್ನು ಮೈಕ್‌ಸೆಟ್ ಎಂದೇ ಕರೆಯುತ್ತಾರೆ. ಮದುವೆ, ಗೃಹಪ್ರವೇಶ, ಸಹಕಾರ ಸಂಘದ ಸಭೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಸ್ಪೀಕರಿನ ಪೆಟ್ಟಿಗೆಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೊರಡುತ್ತೇನೆ. ಸಭಿಕರು ಭಾಷಣದ ಅರ್ಥವನ್ನು ಗ್ರಹಿಸುತ್ತಿರುವಾಗ ನಾನು ಮೂಲೆಯಲ್ಲಿ ಕೂತು ಭಾಷಣಕಾರರ ಕೆಮ್ಮು, ಅವರ ಎರಡು ವಾಕ್ಯಗಳ ನಡುವಿನ ಹೂಂಕಾರ, ಬಾಯೊಣಗಿದಾಗ ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟ ಸದ್ದು, ಇಂಥವನ್ನು ಗ್ರಹಿಸುತ್ತಿರುತ್ತೇನೆ. ಅರ್ಥವೆಲ್ಲ ಅವರ ಪಾಲಿಗೆ, ಶಬ್ದವೆಲ್ಲ ನನ್ನ ಪಾಲಿಗೆ. ಇಷ್ಟನ್ನು ಕಿವಿಯಲ್ಲಿ ತುಂಬಿಕೊಂಡವನು ಎಲ್ಲಾದರೂ ಖಾಲಿ ಮಾಡಲೇಬೇಕಷ್ಟೆ. ನನ್ನ ಮಿಮಿಕ್ರಿ ಹುಟ್ಟಿದ್ದು ಹಾಗೆ. ಮಂತ್ರದ ಮಧ್ಯೆ ಆಕಳಿಕೆ ಬಂದರೆ ಅದನ್ನೂ ಮಂತ್ರದೊಳಗೇ ಸೇರಿಸಿ ಮುಂದೆ ಹೋಗುವ ಸಾಗರದ ಒಬ್ಬ ಪುರೋಹಿತರು, ವಂದನಾರ್ಪಣೆಯಲ್ಲಿ ತಮ್ಮ ಹೆಸರನ್ನೇ ಎರಡು ಸಲ ಓದಿಕೊಂಡ ಮುಖ್ಯೋಪಾಧ್ಯಾಯರು, ಹೀಗೆ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿರುವವರು ಬಹಳ ಮಂದಿ.

ನನ್ನನ್ನೇ ನಾನು ಬಿಟ್ಟಿದ್ದೇನೆ ಎಂದುಕೊಳ್ಳಬೇಡಿ. ಅಥವಾ ಬಿಟ್ಟಿದ್ದೆನೇನೋ, ನನ್ನ ತಂಗಿ ರಂಜಿತಾ ಬಿಡಲಿಲ್ಲ. ಅವಳು ನನ್ನನ್ನು ಅಣಕಿಸುವುದನ್ನು ನೋಡಬೇಕು: ಅಂಗಿಯ ಕಾಲರನ್ನು ಒಮ್ಮೆ ಮುಟ್ಟಿಕೊಂಡು, ಬೆರಳಿನಿಂದ ಸಾರಿನ ಸೌಟನ್ನು ತಟ್ಟಿ, "ಚೆಕ್, ಚೆಕ್" ಎಂದು ಅದಕ್ಕೆ ಹೇಳಿ, ಆಮೇಲೆ "ಅಮ್ಮಾ, ಇನ್ನೊಂಚೂರು ಅನ್ನ" ಎನ್ನುತ್ತಾಳೆ. ಮೊದಲ ಸಲ ನೋಡಿದಾಗ ಮನೆಮಂದಿಯೆಲ್ಲ ನಕ್ಕರು, ನಾನು ಮಾತ್ರ ಇದು ಯಾರದೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದೆ. ಊರಿನ ಎಲ್ಲರ ದನಿಯನ್ನೂ ಬಲ್ಲವನಿಗೆ ತನ್ನದು ಗೊತ್ತಿರಲಿಲ್ಲ ಎಂಬುದು ಆಗ ಒಂದು ತಮಾಷೆಯಾಗಿ ಮಾತ್ರ ಕಂಡಿತ್ತು.

ಗಂಗತ್ತೆಯ ವಿಷಯಕ್ಕೆ ಬರುತ್ತೇನೆ. ಅಪ್ಪಯ್ಯನ ಅಕ್ಕ. ಕವಲೇದುರ್ಗದ ಗುಡ್ಡದ ಕೆಳಗಿನ ಊರಿಗೆ ಮದುವೆಯಾಗಿ ಹೋದವಳು. ಸಣ್ಣ ಆಳು, ಹಾಡುವಾಗ ಯಾರ ಮುಖವನ್ನೂ ನೋಡುವುದಿಲ್ಲ, ತನ್ನ ಕಾಲಿನ ಹೆಬ್ಬೆರಳನ್ನೇ ದಿಟ್ಟಿಸುತ್ತಾಳೆ. ನಮ್ಮವರ ಮದುವೆಯಲ್ಲಿ ಶಾಸ್ತ್ರ ಒಂದೊಂದಕ್ಕೂ ಒಂದೊಂದು ಪದವಿದೆ, ಅಂದರೆ ಹಾಡು. ಅರಿಶಿನ ಹಚ್ಚುವಾಗ, ನೀರು ತರುವಾಗ, ಬಾಸಿಂಗ ಕಟ್ಟುವಾಗ, ಕೊನೆಗೆ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗ. ಒಬ್ಬಳು ಪದ ಎತ್ತುತ್ತಾಳೆ, ಜೊತೆಗಿನವರು ಅದೇ ಸಾಲನ್ನು ಮತ್ತೆ ಹೇಳುತ್ತಾರೆ, ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತೇವೆ. ಗಂಗತ್ತೆ ಎತ್ತುವವಳು. ಆಕೆ ಬರುತ್ತಾಳೆಂದರೆ ಸಾಗರದ ಕಡೆಯವರು ಕಾರು ಕಳಿಸುತ್ತಿದ್ದರು. "ಗಂಗಕ್ಕ ಪದ ಹೇಳಿದ ಮದುವೆ" ಎನ್ನುವುದು ಕೆಲವು ಮನೆಗಳಲ್ಲಿ ಇವತ್ತಿಗೂ ಒಂದು ಹೆಮ್ಮೆ.

ಇನ್ನು ಆ ಹಾಡುವ ಬಗೆ. ಮೊದಲಿಗೆ ಒಂದು "ಊಂ". ಅದು ಬಾಯಿಂದ ಬಂತೋ ಮೂಗಿನಿಂದ ಬಂತೋ ಹೇಳಲಾಗದು, ದೂರದ ಗದ್ದೆಯಲ್ಲಿ ಯಾರೋ ಪಂಪು ಚಾಲೂ ಮಾಡಿದಂತೆ. ಆಮೇಲೆ ಸಾಲು, ಅದೂ ಬಹುಪಾಲು ಮೂಗಿನಲ್ಲಿಯೇ. ಸಾಲಿನ ಕೊನೆಯ ಅಕ್ಷರ ಬಂತೋ, ಅಲ್ಲಿಂದ ಎಳೆತ ಶುರು. ಸ್ವರ ನಿಧಾನವಾಗಿ ಮೇಲೇರುತ್ತದೆ, ಅಲ್ಲೇ ನಿಂತು ಸ್ವಲ್ಪ ನಡುಗುತ್ತದೆ, ಇನ್ನೇನು ಇಳಿಯಿತು ಎಂದು ಸೊಲ್ಲು ಹಿಡಿಯುವವರು ಬಾಯಿ ತೆರೆಯುವಷ್ಟರಲ್ಲಿ, ಏನನ್ನೋ ಮರೆತು ಬಂದವಳು ತಿರುಗಿ ಹೋಗುವ ಹಾಗೆ, ಮತ್ತೆ ಮೇಲಕ್ಕೆ ಹೋಗಿಬಿಡುತ್ತದೆ. ಆ ಎತ್ತರದಲ್ಲಿ ಆಕೆ ಮೈಕಿಗೆ ಸ್ವಲ್ಪ ಹತ್ತಿರ ಬಂದರೂ ನನ್ನ ಪೆಟ್ಟಿಗೆಗಳು ಕೊಯ್ಯೆಂದು ಕೂಗುತ್ತವೆ, ಸಭೆಯೆಲ್ಲ ತಿರುಗಿ ನನ್ನನ್ನು ದುರುಗುಟ್ಟಿ ನೋಡುತ್ತದೆ. ಹಾಡಿದವಳು ಪೂಜ್ಯಳು, ಬೈಸಿಕೊಳ್ಳುವವನು ನಾನು. ಹೀಗೆ ಬರೀ ಅಭಿರುಚಿಯ ಪ್ರಶ್ನೆಯಾಗಿದ್ದದ್ದು ವೃತ್ತಿಗೌರವದ ಪ್ರಶ್ನೆಯೂ ಆಯಿತು.

ಎಲ್ಲರೂ ಕಣ್ಣೊರೆಸಿಕೊಳ್ಳುವ ಹಾಡಿಗೆ ನಿಮಗೊಬ್ಬರಿಗೇ ಹಲ್ಲು ಜುಮ್ಮೆನ್ನುತ್ತಿದೆ ಎಂದರೆ ಆ ಏಕಾಂತ ಎಂಥದ್ದೆಂದು ಅನುಭವಿಸಿದವರೇ ಬಲ್ಲರು. ದೇವರನ್ನು ನಂಬುವುದಿಲ್ಲ ಎಂದರೆ ಜನ ವಾದಕ್ಕೆ ಬರುತ್ತಾರೆ, ಗಂಗಕ್ಕನ ದನಿ ಸೇರುವುದಿಲ್ಲ ಎಂದರೆ ಅಯ್ಯೋ ಪಾಪ ಎಂದು ನಿಮ್ಮ ಹಣೆ ಮುಟ್ಟಿ ನೋಡುತ್ತಾರೆ. ನಾನು ಒಬ್ಬಿಬ್ಬರ ಹತ್ತಿರ ಪಿಸುದನಿಯಲ್ಲಿ ಹೇಳಿ ನೋಡಿದೆ. ಯಾರೂ ಜೊತೆಗೆ ಬರಲಿಲ್ಲ. ಕೊನೆಗೆ ಇದೊಂದು ಗುಪ್ತರೋಗವೆಂಬಂತೆ ಮುಚ್ಚಿಟ್ಟುಕೊಂಡು, ಆಕೆ ಎಳೆಯತೊಡಗಿದಾಗಲೆಲ್ಲ ಬೆರಳನ್ನು ಮಿಕ್ಸರಿನ ಮೇಲಿಟ್ಟು, ಯಾರಿಗೂ ತಿಳಿಯದ ಹಾಗೆ ಸ್ವಲ್ಪ ಸ್ವಲ್ಪವೇ ದನಿ ತಗ್ಗಿಸುತ್ತಿದ್ದೆ. ಆಕೆಯನ್ನು ಗೌರವಿಸುವವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ಮಾತ್ರ ಸ್ವರ ಎಲ್ಲಿ ಏರುತ್ತದೆ, ಎಲ್ಲಿ ನಡುಗುತ್ತದೆ, ಯಾವ ಸಾಲಿನ ಬಳಿಕ ಯಾವ ಸಾಲು ಬರುತ್ತದೆ ಎಂದು ಬೇಟೆಗಾರನ ಹಾಗೆ ಕಾಯುತ್ತಿದ್ದೆ. ಅಣಕಿಸುವವನಷ್ಟು ಗಮನವಿಟ್ಟು ಕೇಳುವವನು ಭಕ್ತನೂ ಅಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇ: ಇದನ್ನು ಒಂದು ದಿನ ಮಾಡಿ ತೋರಿಸಬೇಕು.

ಆ ದಿನ ಆಷಾಢದಲ್ಲಿ ಬಂತು. ಮದುವೆಗಳಿಲ್ಲ, ಪೆಟ್ಟಿಗೆಗಳೆಲ್ಲ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದವು, ನಾವು ಗೆಳೆಯರೂ ಸುಮ್ಮನೆ ಕೂತಿದ್ದೆವು. ಯಾರೋ ಕೆಣಕಿದರು, ನಾನು ಎದ್ದು ನಿಂತು, ಹೆಬ್ಬೆರಳನ್ನು ದಿಟ್ಟಿಸಿ, "ಊಂ" ಎಂದು ಹೊರಡಿಸಿ, ಸಾಗರದಿಂದ ಹೊಸನಗರ, ನಗರ ಎಂಬ ಊರುಗಳನ್ನು ದಾಟಿ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ನಿಲ್ದಾಣಗಳನ್ನೆಲ್ಲ ಗಂಗತ್ತೆಯ ರಾಗದಲ್ಲಿ ಹಾಡಿದೆ. ಒಂದೊಂದು ಊರಿನ ಕೊನೆಯ ಅಕ್ಷರವನ್ನು ಎಷ್ಟು ಎಳೆದೆನೆಂದರೆ, ಅದು ಮುಗಿಯುವಷ್ಟರಲ್ಲಿ ಬಸ್ಸು ಮುಂದಿನ ಊರನ್ನೂ ದಾಟಿ, ಇಳಿಯಬೇಕಾದವರು ಇಳಿಯದೆ, ಹತ್ತಬೇಕಾದವರು ಹತ್ತದೆ ಉಳಿಯುವಂತೆ. ಗೆಳೆಯನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕಿದ. ಆ ಗ್ರೂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಇನ್ನೆಲ್ಲಿಗೋ. ಮಳೆ ಬಿಡುವ ಹೊತ್ತಿಗೆ ಆ ದಾರಿಯ ಕಂಡಕ್ಟರೊಬ್ಬರೇ ಬಸ್ಸಿನಲ್ಲಿ ಅದನ್ನು ಹಾಕಿ ಕೇಳಿಸುತ್ತಿದ್ದಾರೆಂದು ಸುದ್ದಿ ಬಂತು. ನನ್ನ ಬೆನ್ನಿಗೆ ಬಿದ್ದ ಶಹಬ್ಬಾಸುಗಳಿಗೆ ಲೆಕ್ಕವಿಲ್ಲ. ಇಷ್ಟು ವರ್ಷ ನಾನೊಬ್ಬನೇ ರೋಗಿ ಎಂದುಕೊಂಡಿದ್ದೆನಲ್ಲ, ಈಗ ಸೀಮೆಯೇ ನನ್ನೊಂದಿಗೆ ನರಳಿ ನಗುತ್ತಿದೆ ಎಂದು ಒಳಗೊಳಗೇ ಉಬ್ಬಿದೆ.

ಮಳೆಗಾಲ ಕಳೆದ ಮೇಲೆ ತೀರ್ಥಹಳ್ಳಿಯಲ್ಲಿ ಒಂದು ಮದುವೆ. ಮೈಕು ನನ್ನದು, ಪದ ಗಂಗತ್ತೆಯದು. ಬಾಸಿಂಗ ಕಟ್ಟುವ ಹೊತ್ತಿಗೆ ಆಕೆ ಎಂದಿನಂತೆ ತಲೆ ತಗ್ಗಿಸಿ "ಊಂ" ಎಂದಳು. ಹಿಂದಿನ ಸಾಲಿನಿಂದ ಯಾರೋ "ರೈಟ್!" ಎಂದರು. ಹುಡುಗರೆಲ್ಲ ಗೊಳ್ಳೆಂದರು. ಗಂಗತ್ತೆಗೆ ಏನೂ ತಿಳಿಯಲಿಲ್ಲ. ಮದುವೆಮನೆ, ಏನೋ ನಗೆಯ ವಿಷಯವಿರಬೇಕೆಂದು ತಾನೂ ಸ್ವಲ್ಪ ನಕ್ಕಳು. ಆ ನಗು ನನಗೆ ಈಗಲೂ ಕಾಣುತ್ತದೆ. ಮೊದಲ ಸಾಲನ್ನು ಎಳೆದಳು. "ಹೋಲ್ಡಾನ್, ಹೋಲ್ಡಾನ್! ನಗರ ಇಳಿಯೋರು!" ಈ ಸಲ ದೊಡ್ಡವರೂ ನಕ್ಕರು. ಆಗ ಸೊಲ್ಲು ಹಿಡಿಯುವ ಸರೋಜಕ್ಕ ಆಕೆಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು.

ಗಂಗತ್ತೆ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಂದು ನಗೆಯನ್ನೋ ಒಂದು ಕೈಮುಗಿತವನ್ನೋ ಎಸೆದು ಪಾರಾಗಬಹುದಿತ್ತು. ಆಕೆ ಮೈಕನ್ನು ಒಮ್ಮೆ ನೋಡಿದಳು, ಉಳಿದ ಸಾಲುಗಳನ್ನು ಎಳೆತವಿಲ್ಲದೆ, ಒಂದರ ಹಿಂದೆ ಒಂದರಂತೆ, ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು. ವರ್ಷಗಟ್ಟಲೆ ನಾನು ಬಯಸಿದ್ದು ಅದನ್ನೇ. ಕೇಳಲು ಗೋಡೆಗೆ ಸುಣ್ಣ ಬಳಿದಂತಿತ್ತು. ಪೆಟ್ಟಿಗೆಗಳು ಒಂದು ಸಲವೂ ಕೂಗಲಿಲ್ಲ.

ಅಲ್ಲಿಂದಾಚೆ ಕರೆದವರಿಗೆಲ್ಲ ಗಂಗತ್ತೆಯದು ಒಂದೇ ಉತ್ತರ: ಗಂಟಲು ಸರಿಯಿಲ್ಲ. ನನಗೆ ಯಾರೂ ಬೈಯಲಿಲ್ಲ, ಅದೇ ತೊಂದರೆಯಾದದ್ದು. ಅಪ್ಪಯ್ಯ ನನ್ನೊಡನೆ ಮಾತು ಬಿಡಲಿಲ್ಲ, ಊಟಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಊಟ ಮಾಡುವಾಗ ನಾನು ಯಾರದಾದರೂ ದನಿ ತೆಗೆದರೆ ಮಾತ್ರ ತಟ್ಟೆಯನ್ನು ನೋಡುತ್ತ ಕೂತಿರುತ್ತಿದ್ದರು. ನಗದೆ ಕೂತ ಒಬ್ಬನೇ ಒಬ್ಬ ಕೇಳುಗ ಇಡೀ ಸಭೆಯ ನಗುವನ್ನು ಹೇಗೆ ಸುಳ್ಳು ಮಾಡಬಲ್ಲ ಎಂಬುದನ್ನು ಮಿಮಿಕ್ರಿ ಮಾಡುವವರು ಯಾರಾದರೂ ಓದುತ್ತಿದ್ದರೆ ಅವರಿಗೆ ನಾನು ವಿವರಿಸಬೇಕಿಲ್ಲ.

ಇಷ್ಟರಲ್ಲಿ ರಂಜಿತಾಳ ಮದುವೆ ಗೊತ್ತಾಯಿತು. ಗಂಡು ಹಿನ್ನೀರಿನಾಚೆಯ ಬ್ಯಾಕೋಡಿನ ಕಡೆಯವನು, ಮದುವೆ ಹೊಸನಗರದ ಛತ್ರದಲ್ಲಿ. ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಊಟವೆಲ್ಲ ಮುಗಿದು ಹೊರಡುವ ಹೊತ್ತಿಗೆ ಹೆಣ್ಣನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಒಪ್ಪಿಸುವ ಪದ ಹೇಳುತ್ತಾರೆ, ಹೇಳಬೇಕಾದವಳು ಅಪ್ಪನ ಅಕ್ಕನೋ ತಂಗಿಯೋ. ಆ ಪದದಲ್ಲಿ ತಾಯಿ, ತಂದೆ, ಅಣ್ಣತಮ್ಮಂದಿರು, ಕೊಟ್ಟಿಗೆಯ ದನ, ನೀರು ಸೇದಿದ ಬಾವಿ, ಎಲ್ಲರ ಪರವಾಗಿಯೂ ಒಂದೊಂದು ನುಡಿ ಬರುತ್ತದೆ. ಪದ ಮುಗಿದ ಮೇಲೆಯೇ ಗಂಡಿನ ಕಡೆಯವರು ಹೆಣ್ಣನ್ನು ಕರೆದೊಯ್ಯುವುದು. ಹುಟ್ಟಿದಾಗಿನಿಂದ ರಂಜಿ ಆ ಪದವನ್ನು ಬೇರೆಯವರ ಮೆಟ್ಟಿಲುಗಳಲ್ಲಿ ಕೇಳಿದವಳು. ಈಗ ತನ್ನ ಸರದಿ ಬಂದಾಗ ಗಂಗತ್ತೆಗೆ ಗಂಟಲಿಲ್ಲ.

ಒಂದು ಸಂಜೆ ಅವಳು ಅಂಗಡಿಗೇ ಬಂದಳು. ಅಣಕವಿಲ್ಲ, ಚೆಕ್ ಚೆಕ್ ಇಲ್ಲ.

"ಅಣ್ಣಾ, ಅತ್ತೆ ಪದ ಹೇಳ್ದೆ ನಾನು ಮೆಟ್ಲು ಇಳಿಯಲ್ಲ."

"ಇಳಿಯಲ್ಲ ಅಂದ್ರೆ ಎಂತ ಮಾಡ್ತೀಯೆ? ಅಲ್ಲೇ ಮನೆ ಕಟ್ತೀಯಾ?"

"ತಮಾಷೆ ಮಾಡ್ಬೇಡ. ಮಾಡಿದ್ದು ನೀನು. ನೀನೇ ಹೋಗಿ ಕರೆ."

ಮರುದಿನ ಬೆಳಿಗ್ಗೆ ಬೈಕು ಹತ್ತಿದೆ. ದಾರಿಯುದ್ದಕ್ಕೂ ಒಂದು ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡು ಹೋದೆ, ಒಮ್ಮೆ ತಾಲ್ಲೂಕು ಕಚೇರಿಯ ಗುಮಾಸ್ತರ ದನಿಯಲ್ಲಿ, ಒಮ್ಮೆ ಆ ಮುಖ್ಯೋಪಾಧ್ಯಾಯರ ದನಿಯಲ್ಲಿ. ಯಾವ ದನಿಯಲ್ಲೂ ಅದು ಸರಿಯಾಗಿ ಕೂರಲಿಲ್ಲ. ಗಂಗತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕುತ್ತಿಗೆಗೆ ಒಂದು ಉಣ್ಣೆಯ ಶಾಲು ಸುತ್ತಿಕೊಂಡಿದ್ದಳು.

"ಅತ್ತೆ, ಅದು ಸುಮ್ನೆ ತಮಾಷೆಗೆ ಮಾಡಿದ್ದು" ಎಂದೆ.

"ಯಾವ್ದಾ?"

"ಅದೇ… ಬಸ್ಸಿಂದು."

"ಓ, ಅದಾ. ಕೇಳಿದೆ, ಸರೋಜ ಹಾಕಿ ತೋರಿಸಿದ್ಲು." ಒಂದು ಬೀಜವನ್ನು ತಟ್ಟೆಗೆ ಹಾಕಿದಳು. "ಚೆನ್ನಾಗೇ ಹೇಳಿದೀಯ. ಆದ್ರೆ ನಗರದಲ್ಲಿ ನಿಲ್ಸಿಲ್ವಲ್ಲ ಮಾರಾಯ ನಿನ್ ಬಸ್ಸು. ಅಲ್ಲಿ ಇಳಿಯೋರು ಎಂತ ಮಾಡ್ಬೇಕು?"

ನಾನು ನಗಬೇಕೋ ಅಳಬೇಕೋ ತಿಳಿಯದೆ ಹುಣಸೆಹಣ್ಣು ಬಿಡಿಸಲು ಕೂತೆ. ಕಾಫಿ ಬಂತು. ರಂಜಿಯ ಮಾತನ್ನು ಹೇಳಿದೆ. ಗಂಗತ್ತೆ ಬಿಡಿಸಿದ ಬೀಜಗಳನ್ನು ತಟ್ಟೆಯ ಒಂದು ಬದಿಗೆ ಸರಿಸಿದಳು.

"ಗಂಟ್ಲು ಇಲ್ಲ ಕಣಾ. ಇದ್ರೆ ಹೇಳ್ತಿರ್ಲಿಲ್ವಾ, ನಮ್ಮನೆ ಹುಡ್ಗಿಗೆ? ನೀನೇ ಹೇಳು. ನಿಂಗೆ ಬರ್ತದಲ್ಲ."

ಜನರ ಉಸಿರಿನಲ್ಲೇ ಅವರ ಮನಸ್ಸನ್ನು ಹಿಡಿಯುತ್ತೇನೆಂದು ಬೀಗುತ್ತಿದ್ದವನಿಗೆ ಆ ಮಾತಿನಲ್ಲಿದ್ದದ್ದು ಕುಹಕವೋ, ನೋವೋ, ನಿಜವಾದ ಅಪ್ಪಣೆಯೋ ಕೊನೆಗೂ ತಿಳಿಯಲಿಲ್ಲ. ಗಂಟಲು ಹೋಗಿದ್ದು ಕಾಯಿಲೆಯಿಂದಲೋ ನನ್ನಿಂದಲೋ ಎಂಬುದೂ ಇವತ್ತಿಗೂ ಗೊತ್ತಿಲ್ಲ. ಕೊಟ್ಟ ಹುಣಸೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ಬರಿಗೈಯಲ್ಲಿ ಎಂದೇ ಹೇಳಬೇಕು, ವಾಪಸು ಬಂದೆ.

ಮದುವೆಯ ದಿನ ಶಾಸ್ತ್ರಗಳೆಲ್ಲ ಹೇಗೋ ಸಾಗಿದವು. ಅರಿಶಿನಕ್ಕೂ ಬಾಸಿಂಗಕ್ಕೂ ಯಾರೋ ಮೊಬೈಲಿನಲ್ಲಿ ಹುಡುಕಿ ಕೊಟ್ಟ ಹಾಡುಗಳನ್ನು ನಾನೇ ಪೆಟ್ಟಿಗೆಗೆ ಜೋಡಿಸಿದೆ. ಕೀಬೋರ್ಡು, ತಬಲಾ, ಜೇನಿನಂಥ ಕಂಠ, ಎಲ್ಲೂ ಒಂದು ಕೂಗಿಲ್ಲ, ಒಂದು ಕರಕರೆ ಇಲ್ಲ. ಫೋಟೋದವರಿಗೆ ಬಹಳ ಅನುಕೂಲವಾಯಿತು. ಮೊದಲೆಲ್ಲ "ಅಜ್ಜೀ, ಸ್ವಲ್ಪ ಬೇಗ" ಎಂದು ಗಂಗತ್ತೆಯನ್ನು ಅವಸರಿಸುತ್ತಿದ್ದವರು ಈಗ ಬೆರಳೆತ್ತಿದರೆ ಸಾಕು, ನಾನು ಹಾಡನ್ನು ನಿಲ್ಲಿಸುತ್ತಿದ್ದೆ. ಗಂಗತ್ತೆ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಸುತ್ತಿಕೊಂಡು ಕೂತಿದ್ದಳು.

ಊಟವಾಯಿತು. ಹೊರಡುವ ಹೊತ್ತೂ ಬಂತು. ಗಂಡಿನ ಕಡೆಯವರ ವಾಹನ ಛತ್ರದ ಮುಂದೆ ಬಾಗಿಲು ತೆರೆದು ನಿಂತಿತ್ತು. ಕತ್ತಲಾಗುವ ಮುಂಚೆ ಊರು ಮುಟ್ಟಬೇಕೆಂದು ಗಂಡಿನ ಸೋದರಮಾವ ಕೈಗಡಿಯಾರವನ್ನು ನೋಡುತ್ತ ಓಡಾಡುತ್ತಿದ್ದರು. ರಂಜಿ ಮೆಟ್ಟಿಲ ಮೇಲೆ ಬಂದು ನಿಂತಳು. ಪಕ್ಕದಲ್ಲಿ ಮದುಮಗ. ಅವಳು ಇಳಿಯಲಿಲ್ಲ. ಯಾರ ಮೇಲೂ ಹಟ ಮಾಡುವವಳ ಮುಖವಲ್ಲ ಅದು, ಸುಮ್ಮನೆ ಗಂಗತ್ತೆಯ ಕಡೆ ನೋಡುತ್ತ ನಿಂತಿದ್ದಳು. ಗಂಗತ್ತೆ ತನ್ನ ಹೆಬ್ಬೆರಳನ್ನು ನೋಡುತ್ತಿದ್ದಳು. ಅಪ್ಪಯ್ಯ ಅಕ್ಕನ ಕುರ್ಚಿಯ ಹತ್ತಿರ ಹೋದರು, ಅದರ ಬೆನ್ನನ್ನು ಒಮ್ಮೆ ಮುಟ್ಟಿ ಹಿಂದೆ ಬಂದರು.

"ಒಂದು ಹಾಡು ಹಾಕ್ಬಿಡೋ ಶಶಿ, ಮೊಬೈಲಲ್ಲೇ ಇರ್ತದೆ" ಎಂದು ಯಾರೋ ನನಗೆ ಹೇಳಿದರು. ಇನ್ಯಾರೋ ಸರೋಜಕ್ಕನಿಗೆ, "ನೀನಾದ್ರೂ ಹೇಳೆ" ಎಂದರು.

"ನಂಗೆ ಸೊಲ್ಲು ಹಿಡಿಯೋಕೆ ಬರ್ತದೆ ಮಾರಾಯ್ತಿ, ಎತ್ತೋಕೆ ಬರಲ್ಲ" ಎಂದಳು ಸರೋಜಕ್ಕ.

ಅಷ್ಟು ಮಂದಿ ಗಂಗತ್ತೆಯನ್ನು ಗೌರ‌ವಿಸಿದವರಿದ್ದರು, ಕಾರು ಕಳಿಸಿದವರಿದ್ದರು. ಆಕೆಯನ್ನು ಬಿಟ್ಟರೆ ಆ ಪದದ ಸಾಲುಗಳನ್ನು ಅನುಕ್ರಮವಾಗಿ ಬಲ್ಲವನು ಆ ಛತ್ರದಲ್ಲಿ ಒಬ್ಬನೇ ಇದ್ದ, ಅವನು ಅದನ್ನು ಹೀಯಾಳಿಸಲೆಂದು ಕಲಿತವನು. ನಾನು ಮೈಕು ತೆಗೆದುಕೊಂಡೆ. ತೆಗೆದುಕೊಳ್ಳುವಾಗ ಒಂದು ನಿರ್ಧಾರ ಮಾಡಿದ್ದೆ: ನನ್ನದೇ ದನಿಯಲ್ಲಿ, ಸಾದಾ ಹಾಡಿನ ಹಾಗೆ ಹೇಳಿಬಿಡುವುದು, ಯಾರೂ ನಗದ ಹಾಗೆ. ಬಾಯಿ ತೆರೆದೆ. ಏನೂ ಬರಲಿಲ್ಲ. ನನ್ನ ದನಿ ಎಂದು ನಾನು ನಂಬಿಕೊಂಡಿದ್ದ ಜಾಗದಲ್ಲಿ ಹುಡುಕಿದರೆ ಪುರೋಹಿತರಿದ್ದರು, ಕಂಡಕ್ಟರಿದ್ದರು, ಹೆಡ್‌ಮಾಸ್ತರರಿದ್ದರು, ನಾನಿರಲಿಲ್ಲ. ಪದದ ಮಾತುಗಳು ರಾಗಕ್ಕೆ ಅಂಟಿದ್ದವು, ರಾಗ ಮೂಗಿಗೆ ಅಂಟಿತ್ತು, ಮೂಗಿನ ಬಾಗಿಲು ತೆರೆಯಬೇಕಾದರೆ ಇದ್ದದ್ದು ಒಂದೇ ಕೀಲಿ. ಕಣ್ಣು ಮುಚ್ಚಿ "ಊಂ" ಎಂದೆ.

ನಿರೀಕ್ಷಿಸಿದಂತೆ ಹಿಂದಿನಿಂದ "ರೈಟ್!" ಬಂತು, ನಗೆಯೂ ಬಂತು. ನಾನು ಕಣ್ಣು ತೆರೆದಾಗ ಮೊದಲು ಕಂಡದ್ದು ರಂಜಿಯ ಮುಖ. ಅವಳ ಮದುವೆಯಲ್ಲೂ ನಾನು ಅದೇ ಆಟ ಹೂಡಿದೆನೆಂದು ಅವಳು ತಿಳಿದಿದ್ದಳು. ಅಲ್ಲವೆಂದು ಹೇಳಲು ಬೇರೆ ದಾರಿಯಿರಲಿಲ್ಲ, ಮುಂದಿನ ಸಾಲನ್ನು ಹೇಳಿದೆ. ಸರೋಜಕ್ಕನೂ ಜೊತೆಗಿನವರೂ ಅಭ್ಯಾಸಬಲದಿಂದ ಸೊಲ್ಲು ಹಿಡಿದರು. ತಾಯಿಯ ನುಡಿ ಬಂತು, ತಂದೆಯದು ಬಂತು. ನಗೆ ಒಂದು ಕಡೆಯಿಂದ ಇಂಗುತ್ತ ಬಂತು. ಆದರೂ ನನಗೆ ನಾಚಿಕೆ. ಪ್ರತಿ ಸಾಲಿನ ಕೊನೆಯಲ್ಲಿ ಆ ಸ್ವರದ ಹತ್ತಿರ ಬಂದಾಗ, ಎಳೆದರೆ ಎಲ್ಲಿ ಮತ್ತೆ ಬಸ್ಸಾಗುತ್ತೇನೋ ಎಂದು ಹೆದರಿ, ಥಟ್ಟನೆ ಕತ್ತರಿಸಿ ಮುಂದಿನ ಸಾಲಿಗೆ ಓಡುತ್ತಿದ್ದೆ.

"ಎಳಿಯೋ!"

ಮುಂದಿನ ಕುರ್ಚಿಯಿಂದ ಬಂದ ಒಡಕು ದನಿ. ಗಂಗತ್ತೆ ತಲೆಯೆತ್ತಿದ್ದಳು. ನಾನು ತಬ್ಬಿಬ್ಬಾಗಿ ನಿಂತೆ.

"ಎಂತಕ್ಕೆ ಓಡ್ತೀಯ? ಪದ ಮುಗಿದ್ರೆ ಅವ್ಳು ಹೋಗ್ಬೇಕಲ್ಲನಾ. ಎಳಿ."

ಹೆಂಗಸರ ಕಡೆಯಲ್ಲಿ ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಷ್ಟು ಮದುವೆಗಳಲ್ಲಿ, ಎಷ್ಟು ಮೆಟ್ಟಿಲುಗಳ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ ನಾನು! ಸ್ವರ ಮೇಲೇರಿ ನಿಲ್ಲುವುದನ್ನು ಕೇಳಿದ್ದೆ, ಇಳಿಯದೆ ತಿರುಗಿ ಹೋಗುವುದನ್ನು ಕೇಳಿದ್ದೆ. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ತಾಯಿಯೊಬ್ಬಳು ಮಗಳ ಮುಂಗೈಯನ್ನು ಇನ್ನೂ ಬಿಟ್ಟಿರುತ್ತಿರಲಿಲ್ಲ ಎಂಬುದನ್ನು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ. ನನ್ನ ಕಣ್ಣಿದ್ದದ್ದು ಮಿಕ್ಸರಿನ ಮೇಲೆ. ಬೇಗ ಮುಗಿಯಲಿ ಎಂದು ಆ ಅಂಗಳಗಳಲ್ಲಿ ಬಯಸಿದವರು ಫೋಟೋದವರು, ಗಂಡಿನ ಸೋದರಮಾವಂದಿರು ಮತ್ತು ನಾನು.

ಎಳೆದೆ. ಅಣ್ಣತಮ್ಮಂದಿರ ನುಡಿಯನ್ನು ಉಸಿರು ಕಟ್ಟುವವರೆಗೆ ಎಳೆದೆ. ಪೆಟ್ಟಿಗೆ ಕೊಯ್ಯೆಂದು ಕೂಗಿತು, ಕೂಗಲಿ ಎಂದು ಬಿಟ್ಟೆ. ಅಮ್ಮ ರಂಜಿಯ ಕೈ ಹಿಡಿದಿದ್ದಳು, ನನ್ನ ಸ್ವರ ನಿಂತಷ್ಟು ಹೊತ್ತು ಹಿಡಿದಿದ್ದಳು. ದನದ ನುಡಿ, ಬಾವಿಯ ನುಡಿ. ಆಮೇಲೆ ನನಗೆ ಪದ ನಿಂತುಹೋಯಿತು. ಕೊನೆಯ ನುಡಿ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಎಲ್ಲ ಮದುವೆಗಳಲ್ಲೂ ಇನ್ನೇನು ಮುಗಿಯಿತೆಂದು ಆ ಹೊತ್ತಿಗೆ ನಾನು ಆಟೋ ಹಿಂದಕ್ಕೆ ತೆಗೆಸಲು ಹೊರಗೆ ಹೋಗಿರುತ್ತಿದ್ದೆ. ಬಾವಿಯ ನುಡಿಯನ್ನೇ ಮತ್ತೊಮ್ಮೆ ಎಳೆದು ನಿಂತೆ. ಸರೋಜಕ್ಕ ಸೊಲ್ಲು ಹಿಡಿದು ಬಿಟ್ಟು ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ನಾನು ಗಂಗತ್ತೆಯನ್ನು ನೋಡಿದೆ.

ಆಕೆ ಕುರ್ಚಿಯ ಕೈ ಹಿಡಿದು ಎದ್ದಳು. ಮೈಕನ್ನು ಮುಂದೆ ಹಿಡಿದೆ, ಬೇಡವೆಂದು ಸರಿಸಿದಳು. ಆಗ ನನ್ನ ಕೈಯಲ್ಲಿ ಆಗುವ ಕೆಲಸ ಒಂದೇ ಒಂದಿತ್ತು, ಸೆಟ್ಟನ್ನು ಆಫ್ ಮಾಡಿದೆ. ದಿನವಿಡೀ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದ ಪೆಟ್ಟಿಗೆಗಳ ಸದ್ದು ಸತ್ತು ಛತ್ರ ಒಮ್ಮೆಲೇ ಚಿಕ್ಕದಾಯಿತು.

ಕೊನೆಯ ನುಡಿ ಒಪ್ಪಿಸಿಕೊಳ್ಳುವವರಿಗೆ. ಬೆಳೆಸಿದ್ದೇವೆ, ತಿದ್ದಿದ್ದೇವೆ, ಉಳಿದದ್ದನ್ನು ನೀವು ತಿದ್ದಿಕೊಳ್ಳಿ, ಕೂಗಿ ಕರೆಯಬೇಡಿ, ಅವಳಿಗೆ ಕೂಗಿನ ಅಭ್ಯಾಸವಿಲ್ಲ ಎಂಬಂಥ ಮಾತುಗಳು. ಗಂಗತ್ತೆಯ ಗಂಟಲು ನಿಜವಾಗಿಯೂ ಸರಿಯಿರಲಿಲ್ಲ. ಸ್ವರ ಅಲ್ಲಲ್ಲಿ ಹರಿದು ಬರೀ ಉಸಿರಾಗುತ್ತಿತ್ತು. ಮೂಗಿನಲ್ಲೇ ಹೇಳಿದಳು, ಮೊದಲಿಗಿಂತ ಹೆಚ್ಚು. ಎಳೆದಳು, ಮೊದಲಿಗಿಂತ ಬಹಳ ಹೆಚ್ಚು. ಸೋದರಮಾವ ಗಡಿಯಾರದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಎಳೆತ ಮೇಲೆ ಹೋಗಿ ನಿಂತದ್ದು ಇಳಿಯುವಾಗ ರಂಜಿ ಒಂದು ಮೆಟ್ಟಿಲು ಇಳಿದಳು. ಮತ್ತೆ ಏರಿದಾಗ ನಿಂತಳು. ಕೊನೆಗೆ ಸ್ವರ ಪೂರ್ತಿ ಇಳಿದು ನಿಂತಾಗ ಅವಳು ಕೆಳಗಿದ್ದಳು. ಹೋಗುವಾಗ ಗಂಗತ್ತೆಯ ಕಾಲು ಮುಟ್ಟಿದಳು. ನನ್ನ ತೋಳಿಗೆ ಒಂದು ಗುದ್ದು ಕೊಟ್ಟಳು.

ವಾಹನ ಹೋಯಿತು, ಜನ ಚದುರಿದರು. ಈಗ ನೀವು ಇಲ್ಲಿ ಒಂದು ಪರಿವರ್ತನೆಯನ್ನು ನಿರೀಕ್ಷಿಸುತ್ತಿದ್ದೀರಿ, ಗೊತ್ತು. ಕಿವಿಯ ಪೊರೆ ಕಳಚಿ ಗಂಗತ್ತೆಯ ದನಿ ನನಗೆ ಅಮೃತಪ್ರಾಯವಾಯಿತು ಎಂದು ಬರೆದರೆ ಈ ಪ್ರಬಂಧಕ್ಕೂ ಶೋಭೆ, ನನಗೂ ಶೋಭೆ. ಅದು ಆಗಲಿಲ್ಲ. ಆಕೆ ಎಳೆದಾಗ ನನ್ನ ಹಲ್ಲು ಎಂದಿನಂತೆ ಜುಮ್ಮೆಂದಿತ್ತು. ಕಿವಿಗೂ ಎದೆಗೂ ನಡುವೆ ನಾನು ತಿಳಿದಿದ್ದಷ್ಟು ಹತ್ತಿರದ ದಾರಿಯಿಲ್ಲವೆಂದು ಕಾಣುತ್ತದೆ. ಎದೆ ಕರಗಿದ ಮೇಲೂ ಕಿವಿ ತನ್ನ ಹಟವನ್ನು ಬಿಟ್ಟಿರಲಿಲ್ಲ. ಇಂಥದ್ದನ್ನು ಒಳಗಿಟ್ಟುಕೊಂಡದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು, ಈ ಸಲವಾದರೂ ಹೇಳಬೇಕಾದವರಿಗೇ ನೇರ ಹೇಳಿಬಿಡೋಣ ಎನ್ನಿಸಿತು.

ನಾನು ಸ್ಟ್ಯಾಂಡುಗಳನ್ನು ಬಿಚ್ಚುತ್ತಿದ್ದೆ. ಗಂಗತ್ತೆ ಊರಿಗೆ ಹೊರಟವಳು ನನ್ನ ಹತ್ತಿರ ಬಂದು ನಿಂತಳು.

"ಅತ್ತೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದೆ. "ನಿನ್ ಎಳೆತ ನಂಗೆ ಈಗ್ಲೂ ಸೇರಲ್ಲ."

ಆಕೆ ಶಾಲನ್ನು ಇನ್ನೊಂದು ಸುತ್ತು ಬಿಗಿಮಾಡಿಕೊಂಡಳು.

"ನಿಂಗೆ ಸೇರ್ಲಿ ಅಂತ ಯಾರು ಹೇಳಿದ್ರು? ಅದು ಹೋಗೋಳಿಗೆ. ನೀನು ವೈರು ಸುತ್ತು."